ಮೂರು ರೌಂಡಿನ ಮಾಸ್ತರ

ಕೆಲವರಿಗೆ ಹೋದಲ್ಲೆಲ್ಲ ಹಾರ ಬೀಳುತ್ತವೆ. ನನಗೆ ಹೋದಲ್ಲೆಲ್ಲ ಗುದ್ದು ಬಿದ್ದಿವೆ. ಒಂದೆರಡು ಸಲ ಆದರೆ ಗ್ರಹಚಾರ ಅನ್ನಬಹುದು. ಹತ್ತು ವರ್ಷ ಬಿಡದೆ ಆದರೆ ಅದಕ್ಕೆ ಉದ್ಯೋಗ ಅನ್ನಬೇಕಾಗುತ್ತದೆ.

ದೊಡ್ಡ ಯುದ್ಧದ ಕಾಲಕ್ಕೆ ನಾನು ಪುಣೆಯಲ್ಲಿ ಮಿಲ್ಟ್ರಿಯಲ್ಲಿದ್ದೆ. ಮಿಲ್ಟ್ರಿ ಅಂದ ಕೂಡಲೇ ಬಂದೂಕು, ತೋಪು ನೆನಪು ಮಾಡಿಕೊಳ್ಳಬೇಡಿ. ನಾನು ಉಗ್ರಾಣದಲ್ಲಿ ಬೂಟು-ಕಂಬಳಿ ಹಂಚುವ ಗುಮಾಸ್ತ. ಒಂದು ಸಲ ಬಾಕ್ಸಿಂಗ್ ಪಂದ್ಯ ಬಂತು. ಎಲ್ಲಾ ತೂಕಕ್ಕೂ ಆಳು ಸಿಕ್ಕರು, ಎಲ್ಲಕ್ಕಿಂತ ಹಗುರ ತೂಕಕ್ಕೆ ಮಾತ್ರ ಸಿಗಲಿಲ್ಲ. ಆಗ ಸುಬೇದಾರರ ಕಣ್ಣಿಗೆ ಕಂಬಳಿ ರಾಶಿಯ ಹಿಂದೆ ನಾನು ಕಂಡೆ. ಅಷ್ಟು ಸಣ್ಣ ಆಳು ಕಂಡದ್ದೇ ಅವರ ದೃಷ್ಟಿಯ ಚುರುಕು.

ಆಡಿದ್ದು ಎರಡೇ ಪಂದ್ಯ. ಮೊದಲನೆಯದರಲ್ಲಿ ಎದುರಾಳಿಗೆ ಜ್ವರ ಬಂದು ಅವನು ಬರಲೇ ಇಲ್ಲ, ನಾನು ಗೆದ್ದೆ. ಎರಡನೆಯದರಲ್ಲಿ ಎದುರಾಳಿ ಬಂದ. ಅಲ್ಲಿಗೆ ಮುಗಿಯಿತು. ಆದರೆ ಅಷ್ಟರಲ್ಲಿ ಆಟದ ಕಾಯದೆ ಬಾಯಿಪಾಠ ಆಗಿತ್ತು. ಹವ್ಯಾಸಿಗಳ ಬಾಕ್ಸಿಂಗಿನಲ್ಲಿ ಮೂರೇ ರೌಂಡು, ಒಂದೊಂದು ಮೂರು ನಿಮಿಷ. ಎಷ್ಟು ಜೋರಾಗಿ ಹೊಡೆದೆ ಅನ್ನುವುದಲ್ಲ, ಎಷ್ಟು ಸಲ ಚೊಕ್ಕಾಗಿ ಮುಟ್ಟಿದೆ ಅನ್ನುವುದು ಲೆಕ್ಕ. ತೋಳಿನಲ್ಲಿ ಶಕ್ತಿ ಇಲ್ಲದ, ಕಾಯದೆ ಗೊತ್ತಿರುವ ಮನುಷ್ಯನಿಗೆಂದೇ ಮಾಡಿದ ಆಟ ಅದು. ಯುದ್ಧ ಮುಗಿದು ಗದಗಿಗೆ ಬಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾದೆ. ಊರು ನನಗೆ 'ಮಿಲ್ಟ್ರಿ ಬಾಕ್ಸರ್' ಎಂದು ಹೆಸರಿಟ್ಟಿತು. ನಾನು ಬೇಡ ಅನ್ನಲಿಲ್ಲ. ಅಲ್ಲಿಂದಲೇ ತಪ್ಪಾಯಿತು.

೧. ಫೋಟೋ

ನನಗೆ ಹೆಣ್ಣು ನೋಡಲು ಅಪ್ಪ ಲಕ್ಷ್ಮೇಶ್ವರಕ್ಕೆ ಕರೆದುಕೊಂಡು ಹೋದರು. ಶೇಂಗಾ ವ್ಯಾಪಾರದ ಮನೆತನ, ದೊಡ್ಡ ಪಡಸಾಲೆ. ನಡುವೆ ಚಾಪೆಯ ಮೇಲೆ ಹುಡುಗಿಯ ಅಜ್ಜಿ ಕೂತಿದ್ದರು. ಮಾತು ಅವರದೇ, ಉಳಿದವರದೆಲ್ಲ ತಲೆಯಾಡಿಸುವ ಕೆಲಸ.

ಅಪ್ಪ ನನ್ನ ಫೋಟೋ ತೆಗೆದು ಅಜ್ಜಿಯ ಕೈಗೆ ಕೊಟ್ಟರು. ನಾನು ಎದುರಿಗೇ ಕೂತಿರುವಾಗ ಫೋಟೋ ಯಾಕೆ ಅಂದರೆ, ನನಗಿಂತ ಫೋಟೋ ಚೆಂದ ಎಂದು ಅಪ್ಪನ ನಂಬಿಕೆ. ಪುಣೆಯಲ್ಲಿ ತೆಗೆಸಿದ್ದು. ಚಡ್ಡಿ ತೊಟ್ಟು, ಕೈಗೆ ಬಾಕ್ಸಿಂಗ್ ಗ್ಲೌಸು ಹಾಕಿಕೊಂಡು, ಹುಬ್ಬು ಗಂಟಿಕ್ಕಿ ನಿಂತಿದ್ದೇನೆ.

ಅಜ್ಜಿ ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಪಾಪ, ಎರಡೂ ಕೈ ಸುಟಗೊಂಡಿದ್ವೇನು? ಎಷ್ಟ ದಪ್ಪ ಪಟ್ಟಿ ಕಟ್ಯಾರ!"

"ಪಟ್ಟಿ ಅಲ್ರೀ ಅಮ್ಮಾ," ಅಂದರು ಅಪ್ಪ ಹೆಮ್ಮೆಯಿಂದ. "ಅವು ಆಟದ ಚೀಲಾ. ಅವನ್ನ ಹಾಕ್ಕೊಂಡು ಮಂದಿ ಮಾರಿಗೆ ಗುದ್ದತಾರ."

ಒಳಗೆ ಬಾಗಿಲ ಹಿಂದೆ ಬಳೆಯ ಸಪ್ಪಳ ನಿಂತಿತು. ಅಜ್ಜಿ ಫೋಟೋ ಚಾಪೆಯ ಮೇಲೆ ಬೋರಲು ಹಾಕಿದರು.

"ಗುದ್ದೋ ಕೈಗೆ ನಮ್ಮ ಹುಡಿಗಿನ್ನ ಕೊಡಂಗಿಲ್ರೀ."

ನಾನು ನಡುವೆ ಬಾಯಿ ಹಾಕಿದೆ. ಇದರಲ್ಲಿ ಜೋರು ಲೆಕ್ಕಕ್ಕಿಲ್ಲ, ಬೆರಳ ಗಣ್ಣಿನಿಂದ ಚೊಕ್ಕಾಗಿ ಮುಟ್ಟಿದರೆ ಸಾಕು, ಅದಕ್ಕೊಂದು ಪಾಯಿಂಟು ಎಂದು ವಿವರಿಸಿದೆ. ನಾನು ಹೇಳಿದಷ್ಟೂ ಅಜ್ಜಿಯ ಮುಖ ಬಿಗಿಯಾಯಿತು. ಒಳಗಿನಿಂದ ಚಹಾ ಬರುವ ಸುಳಿವೂ ಇಲ್ಲ. ಗದಗಿನಿಂದ ಇಡೀ ದಿನ ಚಕ್ಕಡಿಯಲ್ಲಿ ಕೂತು ಬಂದದ್ದು ವ್ಯರ್ಥವಾಯಿತೆಂದು ನಾನು ಎದ್ದೇ ಬಿಡುವವನಿದ್ದೆ. ಅಷ್ಟರಲ್ಲಿ ಅಪ್ಪ ಕೈ ಮುಗಿದರು.

"ಅಮ್ಮಾ, ಖರೆ ಹೇಳತೀನಿ ಕೇಳ್ರಿ. ಇವನು ಆಡಿದ್ದು ಎರಡ ಆಟ. ಒಂದರಾಗ ಯಾರನ್ನೂ ಮುಟ್ಟಿಲ್ಲ. ಇನ್ನೊಂದರಾಗ ಬರೇ ಹೊಡಿಸಿಕೊಂಡಾನ. ಒಂಬತ್ತು ನಿಮಿಷ ಹೊಡಿಸಿಕೊಂಡು, ಆಮ್ಯಾಲೆ ಹೊಡದಾಂವನ ಕೈ ಕುಲುಕಿ ಬಂದಾನ."

ಅಜ್ಜಿ ಫೋಟೋ ತಿರುಗಿಸಿ ಮತ್ತೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಮುಖ ಸಡಿಲಾಯಿತು.

"ಹಂಗಂದ್ರ ಸಂಸಾರಕ್ಕ ಏನೂ ಅಡ್ಡಿ ಇಲ್ಲ ಬಿಡ್ರಿ," ಅಂದರು. "ಏ, ಚಹಾ ತರ್ರೆವಾ."

೨. ತಾಕತ್ತು ಬಂದದ್ದು ಯಾರಿಗೆ

ಬೆಟಗೇರಿಯಲ್ಲಿ ಒಂದು ಗರಡಿಮನೆ ಇತ್ತು. ಅದರ ಉಸ್ತಾದರು ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬರುತ್ತಿರಲಿಲ್ಲ, ಅಂಥ ಆಳು. ಕುಸ್ತಿ ಮಾಡಿ ಮಾಡಿ ಕಿವಿಯೆರಡೂ ಮುದ್ದೆಯಾಗಿದ್ದವು. ಆದರೆ ಮನಸ್ಸು ಕೂಸಿನದು. "ಮಾಸ್ತರ, ನಮ್ಮ ಹುಡುಗ್ರಿಗೆ ನಿಮ್ಮ ಇಂಗ್ಲಿಷ ಕುಸ್ತೀನೂ ಕಲಸ್ರಿ" ಎಂದು ಒಂದು ದಿನ ಮನೆಗೇ ಬಂದರು. ಅವರು 'ಹುಡುಗ್ರು' ಅಂದದ್ದು ಮೀಸೆ ಬಂದ ನೇಕಾರರನ್ನು. ದಿನವೆಲ್ಲ ಮಗ್ಗದಲ್ಲಿ ಲಾಳಿ ಎಳೆದ ತೋಳು, ಹುರಿಗಟ್ಟಿದ ಹಗ್ಗದಂತಿದ್ದವು. ನನ್ನವು ಆ ಹಗ್ಗದಿಂದ ಬಿಚ್ಚಿದ ಎಳೆಯಂತಿದ್ದವು.

ಗ್ಲೌಸು ಎಲ್ಲಿಂದ ತರುವುದು? ಊರಿನ ಚಮ್ಮಾರನ ಹತ್ತಿರ ಚರ್ಮದಲ್ಲಿ ಎರಡು ಜೋಡಿ ಹೊಲಿಸಿದೆ. ಒಳಗೆ ತುಂಬಲು ಅರಳೆ ಬೇಕು. ಹತ್ತಿಗೆ ಗದಗಿನಲ್ಲಿ ಬರವೇ? ಜಿನ್ನಿಂಗ್ ಮಿಲ್ಲಿನ ಅರಳೆ ತುಂಬಿದೆವು. ಎರಡು ದಿನ ಗುದ್ದಿದ ಮೇಲೆ ಅದು ಚಪ್ಪಟೆಯಾಗಿ ಹಪ್ಪಳದಂತಾಯಿತು. ಆಗ ಉಸ್ತಾದರು ತಮ್ಮ ಹೊಲದಿಂದ ಕಾಳು ಸಮೇತ ಹತ್ತಿ ತಂದು ತಾವೇ ಗಟ್ಟಿಯಾಗಿ ತುರುಕಿದರು. ಈಗ ಗ್ಲೌಸು ಬಿಗಿಯಾದವು.

ಮೊದಲ ಪಾಠ ಗುದ್ದಿನ ತಾಕತ್ತಿನ ಮೇಲೆ. ನಾನು ನೇಕಾರರನ್ನೆಲ್ಲ ಸುತ್ತ ಕೂಡಿಸಿದೆ. "ಗುದ್ದಿನ ತಾಕತ್ತು ಕೈಯಾಗ ಇರಂಗಿಲ್ಲ. ಅದು ಹಿಮ್ಮಡದಾಗ ಹುಟ್ಟತೈತಿ. ಅಲ್ಲಿಂದ ಮೀನಖಂಡಕ್ಕ ಬರತೈತಿ, ಟೊಂಕಕ್ಕ ಬರತೈತಿ, ಹೆಗಲಿಗೆ ಏರತೈತಿ, ಆಮ್ಯಾಲೆ ಮುಷ್ಟಿಗೆ ಇಳಿತೈತಿ. ಈಗ ತೋರಸ್ತೀನಿ." ಉಸ್ತಾದರನ್ನು ಎದುರಿಗೆ ನಿಲ್ಲಿಸಿದೆ. ಹಿಮ್ಮಡ ಎತ್ತಿದೆ, ಟೊಂಕ ತಿರುವಿದೆ, ಹೆಗಲು ಮುಂದೆ ತಂದೆ, ಉಸಿರು ಬಿಗಿಹಿಡಿದು ಅವರ ಎದೆಗೆ ಒಂದು ಬಿಟ್ಟೆ.

ಉಸ್ತಾದರು ಭಕ್ತಿಯಿಂದ ನಿಂತೇ ಇದ್ದರು. "ಹೇಳಿದ್ದು ತಿಳೀತ್ರಿ ಮಾಸ್ತರ. ಇನ್ನ ಹೊಡೀರಿ."

ದಾರಿಯಲ್ಲಿ ಟೊಂಕದ ಹತ್ತಿರವೇ ತಾಕತ್ತು ಇಳಿದು ಹೋಗಿರಬೇಕು. ನನ್ನ ಮುಂಗೈ ಊದಿಕೊಂಡಿತು.

ಬೆವರಿಗೆ ತೊಯ್ದ ಗ್ಲೌಸುಗಳನ್ನು ಆರಲೆಂದು ಹಿತ್ತಲಲ್ಲಿ ಮೇವು ಹಾಕುವ ಗ್ವಾದಲಿಯ ಗೋಡೆಯ ಮೇಲೆ ಇಟ್ಟೆವು. ಹಿತ್ತಲಲ್ಲಿ ಉಸ್ತಾದರ ಎಮ್ಮೆ ಕಟ್ಟಿತ್ತು. ಹತ್ತಿಕಾಳು ಅಂದರೆ ಎಮ್ಮೆಗೆ ಹೋಳಿಗೆ ಊಟ ಅನ್ನುವುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ನಾಲ್ಕರಲ್ಲಿ ಉಳಿದದ್ದು ಒಂದು, ಅದರ ಜೊತೆಗೆ ಇನ್ನೊಂದರ ಹೆಬ್ಬೆರಳು.

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಒಂದು ತಿಂಗಳ ಶ್ರಮ ಅದು. ಉಸ್ತಾದರು ಹಾಲಿನ ಚರಿಗೆ ಹಿಡಿದು ಬಂದರು. ಮುಖದಲ್ಲಿ ದುಃಖ ತಂದುಕೊಳ್ಳಲು ನೋಡುತ್ತಿದ್ದರು, ಬರುತ್ತಿರಲಿಲ್ಲ.

"ಮಾಸ್ತರ, ಕೆಟ್ಟದ್ದಾತು ಖರೆ. ಆದ್ರ ಇವತ್ತ ಅರ್ಧಾ ಸೇರು ಹೆಚ್ಚಿಗಿ ಹಿಂಡೈತಿ ನೋಡ್ರಿ," ಅಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಇನ್ನೆರಡ ಜೋಡಿ ಹೊಲಸ್ತೀರೇನು?"

೩. ಪಾಯಿಂಟು

ಸ್ವಾತಂತ್ರ್ಯ ಬಂದು ಕೆಲವೇ ತಿಂಗಳಾಗಿತ್ತು. ನಮ್ಮ ಕಡೆ ಆಗ ಒಂದು ವಿಚಿತ್ರವಿತ್ತು. ಗದಗು ಬ್ರಿಟಿಷರ ಕೈಯಿಂದ ಬಿಡುಗಡೆಯಾದದ್ದು. ಲಕ್ಷ್ಮೇಶ್ವರ ಒಬ್ಬ ಸಂಸ್ಥಾನಿಕರದು, ಶಿರಹಟ್ಟಿ ಇನ್ನೊಬ್ಬರದು. ಸಂಸ್ಥಾನಗಳು ಇನ್ನೂ ವಿಲೀನವಾಗಿರಲಿಲ್ಲ. ಒಂದು ಊರಿನ ಎತ್ತು ಮೇಯುತ್ತ ಇನ್ನೊಂದು ಊರಿಗೆ ಹೋದರೆ ರಾಜ್ಯ ದಾಟಿದಂತೆ.

ಇಂಥದ್ದರಲ್ಲಿ ಶಿರಹಟ್ಟಿಯ ತರುಣನಿಗೂ ಲಕ್ಷ್ಮೇಶ್ವರದ ತರುಣನಿಗೂ ಶಿರಹಟ್ಟಿಯ ಬಯಲಲ್ಲಿ ಬಾಕ್ಸಿಂಗ್ ಇಟ್ಟರು. ತೀರ್ಪು ಕೊಡಲು ನನ್ನನ್ನು ಕರೆದರು. ಗದಗಿನವನು ಯಾವ ಸಂಸ್ಥಾನಕ್ಕೂ ಸೇರಿದವನಲ್ಲ, ಆದ್ದರಿಂದ ಪಕ್ಷಪಾತ ಮಾಡುವುದಿಲ್ಲ ಎಂದು. ನನ್ನ ಮಾವನ ಮನೆ ಲಕ್ಷ್ಮೇಶ್ವರದಲ್ಲಿದೆಯೇ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆದರೂ ಅವರು ಅಂದದ್ದು ಖರೆ. ನಾನು ಪಕ್ಷಪಾತ ಮಾಡಲಿಲ್ಲ.

ಪಾಯಿಂಟು ಬರೆದುಕೊಳ್ಳುತ್ತ ಕೂತರೆ ಗುದ್ದು ನೋಡುವುದು ತಪ್ಪುತ್ತದೆ. ಅದಕ್ಕೆ ನಾನೊಂದು ಉಪಾಯ ಮಾಡಿದ್ದೆ. ಎಡಗೈಯಲ್ಲಿ ಒಂದು ಮುಷ್ಟಿ ಹುಣಸೆಬೀಜ. ಶಿರಹಟ್ಟಿಯವನು ಚೊಕ್ಕಾಗಿ ಮುಟ್ಟಿದರೆ ಒಂದು ಬೀಜ ಚಡ್ಡಿಯ ಬಲಕಿಸೆಗೆ, ಲಕ್ಷ್ಮೇಶ್ವರದವನು ಮುಟ್ಟಿದರೆ ಎಡಕಿಸೆಗೆ.

ಲಕ್ಷ್ಮೇಶ್ವರದ ಹುಡುಗ ಗಾಣದ ಮನೆಯವನು, ಗಟ್ಟಿ ಆಳು. ಶಿರಹಟ್ಟಿಯವನು ಸಣ್ಣವನು, ಚುರುಕು. ಎರಡನೇ ರೌಂಡಿನಲ್ಲಿ ಗಾಣದವನು ಒಂದು ಬಿಟ್ಟ ನೋಡಿ, ಶಿರಹಟ್ಟಿಯವನು ಕುಂಡಿ ಮೇಲೆ ಕೂತ. ಎದ್ದು ಮತ್ತೆ ಆಡಿದ. ಮೂರು ರೌಂಡು ಮುಗಿದ ಮೇಲೆ ನಾನು ಎರಡೂ ಕಿಸೆಗೆ ಕೈ ಹಾಕಿ ಬೆರಳಿನಿಂದಲೇ ಎಣಿಸಿದೆ. ಬಲಕ್ಕೆ ಹನ್ನೊಂದು, ಎಡಕ್ಕೆ ಐದು. ಶಿರಹಟ್ಟಿಯವನ ಕೈ ಎತ್ತಿದೆ.

ಲಕ್ಷ್ಮೇಶ್ವರದ ಮಂದಿ ಎದ್ದು ನಿಂತರು. ಗಾಣದವನ ಸೋದರಮಾವ, ಕೈಯಲ್ಲಿ ಬಾರುಕೋಲು ಹಿಡಿದವನು, ಹಗ್ಗ ದಾಟಿ ಒಳಗೇ ಬಂದ.

"ಕೆಡವಿದಾಂವ ಸೋತಾ, ಬಿದ್ದಾಂವ ಗೆದ್ದಾ! ಇದ್ಯಾವ ನ್ಯಾಯ್ರಿ ಮಾಸ್ತರ? ಬ್ರಿಟಿಷರು ಹೋದ್ರಂತ, ಅವರ ನ್ಯಾಯ ಇಲ್ಲೇ ಬಿಟ್ಟು ಹೋದ್ರೇನು?"

ನನ್ನ ತೋಳಿಗಿಂತ ಬಾಯಿ ಗಟ್ಟಿ ಇತ್ತು. ಒಂದು ಭಾಷಣ ಮಾಡಿದೆ. ಇದು ಹವ್ಯಾಸಿಗಳ ಆಟ. ಇದರಲ್ಲಿ ಕೆಡವಿದ ಗುದ್ದಿಗೂ ಒಂದೇ ಪಾಯಿಂಟು, ಮುಟ್ಟಿದ ಗುದ್ದಿಗೂ ಒಂದೇ ಪಾಯಿಂಟು. ದುಡ್ಡಿಗಾಗಿ ಹೊಡೆದಾಡುವ ಕಸಬಿನವರಲ್ಲಿ ಕೆಡವಿದ್ದು ದೊಡ್ಡದು, ನಮ್ಮಲ್ಲಿ ಕೌಶಲ್ಯ ದೊಡ್ಡದು. ತೋಳಿನ ಬಲದಿಂದ ನ್ಯಾಯ ತೀರುವುದಾದರೆ ನಮಗೆ ಸ್ವಾತಂತ್ರ್ಯ ಯಾಕೆ ಬೇಕಿತ್ತು? ಹೀಗೆ ಹೇಳುತ್ತ ಹೋದೆ. ಜನ ತಣ್ಣಗಾದರು. ಚಪ್ಪಾಳೆ ಬಿತ್ತು. ಸೋತ ಹುಡುಗನೇ ಬಂದು ನನ್ನ ಕಾಲು ಮುಟ್ಟಿದ. ಸೋದರಮಾವ ಬಾರುಕೋಲು ಕಂಕುಳಿಗೆ ಇಟ್ಟುಕೊಂಡು, "ತಿಳೀತ್ರಿ, ನಂದ ತಪ್ಪಾತು" ಅಂದ. ನಾನು ಹುಡುಗನ ಬೆನ್ನು ತಟ್ಟಿದೆ.

ಆಗ ಹಗ್ಗದ ಪಕ್ಕ ಕೂತಿದ್ದ ಶೇಂಗಾ ಮಾರುವ ಮುದುಕಿ ಸೆರಗು ಚಾಚಿ ಹತ್ತಿರ ಬಂದಳು.

"ಏ ತಮ್ಮಾ, ಆಗಿಂದ ನಿನ್ನ ಎಡಗಾಲಾಗಿಂದ ಹುಣಸೀಬೀಜ ಉದುರಾಕ ಹತ್ಯಾವ ನೋಡೋ. ಆರಿಸಿ ಇಟ್ಟೀನಿ, ತಗೋ."

ಸೆರಗಿನಲ್ಲಿ ಒಂಬತ್ತು ಬೀಜ ಇದ್ದವು. ಒಳಗೆ ಐದು, ಹೊರಗೆ ಒಂಬತ್ತು. ಎಡಕಿಸೆಯ ತೂತಿನಿಂದ ಲಕ್ಷ್ಮೇಶ್ವರ ಸಂಸ್ಥಾನ ಸೋರಿಹೋಗಿತ್ತು.

ಸುಮ್ಮನೆ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿಬಿಡಬಹುದಿತ್ತು. ಕಾಲು ಮುಟ್ಟಿದ ಹುಡುಗನ ಮುಖ ಎದುರಿಗೇ ಇತ್ತು, ಆಗಲಿಲ್ಲ. ಮತ್ತೆ ನಡುವೆ ಹೋಗಿ ನಿಂತು ಇದ್ದದ್ದು ಇದ್ದಹಾಗೆ ಹೇಳಿದೆ, ಗಾಣದವನ ಕೈ ಎತ್ತಿದೆ. ಈಗ ಶಿರಹಟ್ಟಿಯ ಮಂದಿ ಎದ್ದು ನಿಂತರು. ಗೆದ್ದು ಸೋತ ಹುಡುಗನ ಅಪ್ಪ ಸಮಾಧಾನದಿಂದಲೇ ಬಂದು ನನ್ನ ರಟ್ಟೆ ಹಿಡಿದ.

"ಗಡಿಬಿಡಿ ಬ್ಯಾಡ್ರಿ ಮಾಸ್ತರ. ಚಡ್ಡಿ ಬಿಚ್ಚರಿ, ಬಲಗಡೇ ಕಿಸೇನೂ ಒಂದ ಸಲ ನೋಡೇ ಬಿಡೂಣು."

೪. ಒಂದು ಬೀಡಿ, ಒಂದು ರೌಂಡು

ದೇಶ ಗಣರಾಜ್ಯವಾದ ವರ್ಷ ಮುಂಡರಗಿಯಲ್ಲಿ ಆಟೋಟ ಇಟ್ಟಿದ್ದರು. ಬಾಕ್ಸಿಂಗ್ ತೋರಿಸಲು ನನಗೆ ಕರೆ ಬಂತು. ತೀರ್ಪಿನ ಕೆಲಸ ಮಾತ್ರ ಒಲ್ಲೆ, ಬೇಕಾದರೆ ಆಡುತ್ತೇನೆ ಎಂದು ಬರೆದೆ. ಗುದ್ದು ತಿನ್ನುವುದು ನ್ಯಾಯ ಹೇಳುವುದಕ್ಕಿಂತ ಸುರಕ್ಷಿತ ಎಂದು ಆ ಹೊತ್ತಿಗೆ ತಿಳಿದಿತ್ತು.

ನನ್ನೆದುರು ನಿಲ್ಲಲು ಹಿರೇವಡ್ಡಟ್ಟಿಯಲ್ಲಿ ಹೊಲ ಉಳುವ ಒಬ್ಬ ಒಕ್ಕಲಿಗ ಒಪ್ಪಿದ. ನನ್ನಷ್ಟೇ ಎತ್ತರ, ನನಗಿಂತ ನಾಲ್ಕು ವರ್ಷ ದೊಡ್ಡವನು. ಗ್ಲೌಸು ನೋಡಿದ್ದು ಅದೇ ಮೊದಲು. "ಮಾಸ್ತರ, ನನಗ ಏನೂ ಗೊತ್ತಿಲ್ರಿ. ಸಾವಕಾಶ ಹೊಡೀರಿ" ಎಂದು ಕೈ ಮುಗಿದ. ನಾನು ಭುಜ ತಟ್ಟಿ ಧೈರ್ಯ ಹೇಳಿದೆ.

ಹೊತ್ತು ನೋಡಲು ಗಡಿಯಾರ ಬೇಕು. ಇದ್ದ ಒಂದೇ ಗಡಿಯಾರ ಅಲ್ಲಿಯ ಹೆಡ್‌ಮಾಸ್ತರ ಕೈಯಲ್ಲಿತ್ತು, ಅವರು ಮಾಮಲೇದಾರರನ್ನು ಎದುರುಗೊಳ್ಳಲು ಹೋಗಿದ್ದರು. ಶಾಲೆಯ ಪಟ್ಟೇವಾಲ ಗಂಟೆ ಬಾರಿಸಲು ಕೂತಿದ್ದ. "ಗಡಿಯಾರ ಯಾಕ ಬೇಕ್ರಿ ಸರ? ನಂದೊಂದು ಬೀಡಿ ಬರೋಬ್ಬರಿ ಮೂರು ನಿಮಿಷ. ಹಚ್ಚಿದಾಗ ಬಾರಸ್ತೀನಿ, ಚೆಲ್ಲಿದಾಗ ಬಾರಸ್ತೀನಿ."

ಒಪ್ಪಿದೆ. ನನ್ನ ಲೆಕ್ಕ ಹೀಗಿತ್ತು: ಮೂರು ರೌಂಡಿನ ಆಟದಲ್ಲಿ ದಮ್ಮು ಉಳಿಸಿ ಏನು ಮಾಡುವುದು? ದುಡ್ಡಿಗಾಡುವ ಕಸಬಿನವರು ಹತ್ತು ಹನ್ನೆರಡು ರೌಂಡು ಆಡುತ್ತಾರೆ, ಅವರಿಗೆ ಉಳಿತಾಯ ಬೇಕು. ನಮ್ಮದು ಮೂರೇ ಬೀಡಿ. ಮೊದಲ ರೌಂಡಿನಲ್ಲಿ ಮಿಂಚಿದಂತೆ ಓಡಾಡಿದೆ. ಎಡಕ್ಕೆ ಜಿಗಿದೆ, ಬಲಕ್ಕೆ ಜಿಗಿದೆ, ಎಂಟೋ ಹತ್ತೋ ಸಲ ಮುಟ್ಟಿದೆ. ಜನ ಹುಚ್ಚೆದ್ದರು. ಒಕ್ಕಲಿಗ ಮಾತ್ರ ಕುಂಟೆಯ ಹಿಂದೆ ನಡೆಯುವವನಂತೆ ನಿಧಾನಕ್ಕೆ ನನ್ನ ಹಿಂದೆ ನಡೆಯುತ್ತಿದ್ದ. ನಾಲ್ಕು ಹೆಜ್ಜೆ, ಒಂದು ಡಬ್. ನಾಲ್ಕು ಹೆಜ್ಜೆ, ಒಂದು ಡಬ್. ಗಂಟೆ ಆಯಿತು.

ಎರಡನೇ ರೌಂಡಿಗೆ ಮುಂಚೆ ಒಕ್ಕಲಿಗನ ಸೋದರಳಿಯ, ತನ್ನ ಮಾವನ ಸಲುವಾಗಿ ಪಟ್ಟೇವಾಲ ಇಷ್ಟು ಕಷ್ಟಪಡುತ್ತಿದ್ದಾನಲ್ಲ ಎಂದು, ಅವನಿಗೆ ಸೇದಲು ಒಂದು ಚುಟ್ಟಾ ಕೊಟ್ಟನಂತೆ. ಸಿಂಗಟಾಲೂರಿನ ಹತ್ತಿರ ಹೊಳೆ ದಾಟಿ ಆಚೆಯಿಂದ ತಂದದ್ದು. ಒಂದು ಗೇಣು ಉದ್ದ, ಹೆಬ್ಬೆರಳ ದಪ್ಪ. ನನಗಿದು ಗೊತ್ತಿಲ್ಲ.

ರೌಂಡು ಶುರುವಾಯಿತು. ಜಿಗಿದೆ. ಮುಟ್ಟಿದೆ. ಮತ್ತೆ ಜಿಗಿದೆ. ಈಗ ಗಂಟೆ ಆಗುತ್ತದೆ ಅಂದುಕೊಂಡೆ. ಆಗಲಿಲ್ಲ. ಜಿಗಿಯುವುದು ಬಿಟ್ಟು ನಡೆದೆ. ನಡೆಯುವುದು ಬಿಟ್ಟು ನಿಂತೆ. ನಾಲ್ಕು ಹೆಜ್ಜೆ, ಒಂದು ಡಬ್. ಬಾಯಿ ತೆರೆದರೆ ಮುಚ್ಚಲು ಬರುತ್ತಿಲ್ಲ, ಕೈ ಮೇಲೆತ್ತಿದರೆ ತಾವೇ ಕೆಳಗಿಳಿಯುತ್ತಿವೆ. ಕೊನೆಗೆ ನಾನೇ ಒಕ್ಕಲಿಗನ ಕೊರಳಿಗೆ ಜೋತುಬಿದ್ದೆ.

ಅವನು ನನ್ನನ್ನು ಹಿಡಿದು ನಿಲ್ಲಿಸಿಕೊಂಡು ಕಿವಿಯಲ್ಲಿ ಕನಿಕರದಿಂದ ಹೇಳಿದ: "ಮಾಸ್ತರ, ಮುಂಜಾನೆ ಹಂಗ ಓಡಬಾರದಿತ್ರಿ. ಎಳೀ ಹೋರಿ ಓಡತಾವ ಹಂಗ. ಮಧ್ಯಾಹ್ನಕ್ಕ ನೊಗದಾಗ ಮಲಗತಾವ."

ಅವನ ಹೆಗಲ ಮೇಲಿನಿಂದ ಇಣುಕಿ ಪಟ್ಟೇವಾಲನ ಕಡೆ ನೋಡಿದೆ. ಕಾಲಮೇಲೆ ಕಾಲು ಹಾಕಿ, ಕಣ್ಣು ಅರೆ ಮುಚ್ಚಿ ಹೊಗೆ ಬಿಡುತ್ತ ಕೂತಿದ್ದ.

"ಏ... ಗಂಟಿ..." ಅಂದೆ. ದನಿ ಹೊರಡಲಿಲ್ಲ, ಕೈ ಸನ್ನೆ ಮಾಡಿದೆ.

ಅವನು ಚುಟ್ಟಾ ಬಾಯಿಂದ ತೆಗೆದು, ಎತ್ತಿ ಹಿಡಿದು, ಅಳತೆ ನೋಡಿ, ಇಡೀ ಬಯಲಿಗೆ ಕೇಳುವಂತೆ ಕೂಗಿದ: "ಇನ್ನ ಅರ್ಧಾ ಐತ್ರೀ ಸರಾ! ಆಡ್ರಿ ಆಡ್ರಿ!"

೫. ಕಸಬಿನವನು

ಕನ್ನಡ ಸೀಮೆಯೆಲ್ಲ ಒಂದಾಗಿ ನಮ್ಮದೇ ರಾಜ್ಯ ಬಂದ ಹೊಸತು. ಊರಲ್ಲಿ ಎಲ್ಲರ ಎದೆಯೂ ಒಂದು ಗೇಣು ಉಬ್ಬಿತ್ತು. ಅದೇ ತಿಂಗಳು ಗದಗಿಗೆ ಒಂದು ಸರ್ಕಸ್ ಬಂತು. ಅದರಲ್ಲಿ ಮುಂಬಯಿಯ ಒಬ್ಬ ಬಾಕ್ಸರ್ ಇದ್ದ, ಹೊಟ್ಟೆಪಾಡಿಗೆ ಹೊಡೆದಾಡುವ ಪಕ್ಕಾ ಕಸಬಿನವನು. ದಿನಾ ಸವಾಲು ಹಾಕುತ್ತಿದ್ದರು: ಇವನೆದುರು ಆರು ರೌಂಡು ನಿಂತವರಿಗೆ ಬೆಳ್ಳಿ ಕಡಗ. ನಾಲ್ಕು ದಿನ ಯಾರೂ ಮುಂದೆ ಬರಲಿಲ್ಲ. ಐದನೇ ದಿನ ಸರ್ಕಸ್ಸಿನ ಮ್ಯಾನೇಜರ್ ತುತ್ತೂರಿ ಹಿಡಿದು, "ಗದಗಿನಲ್ಲಿ ಗಂಡಸರಿಲ್ಲವೇ?" ಎಂದು ಹಿಂದೂಸ್ತಾನಿಯಲ್ಲಿ ಕೇಳಿದನಂತೆ.

ಅದನ್ನು ಕೇಳಿ ಉಸ್ತಾದರಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಅದಾರ! ನಮ್ಮ ಮಾಸ್ತರ ಅದಾರ!" ಅಂದುಬಿಟ್ಟರು. ಅಲ್ಲಿಂದ ನೇರ ನನ್ನ ಮನೆಗೆ ಬಂದು ಸಂತೋಷದ ಸುದ್ದಿ ಹೇಳಿದರು.

ನನಗೆ ಆಗ ಮೂವತ್ತೆಂಟು. ಪುಣೆಯ ಫೋಟೋದಲ್ಲಿ ಹೊಟ್ಟೆ ಒಳಗಿತ್ತು, ಈಗ ಹೊರಗೆ ಬಂದು ಬೇರೆ ಸಂಸಾರ ಹೂಡಿತ್ತು. ಒಲ್ಲೆ ಅನ್ನಲು ಬಾಯಿ ತೆರೆದೆ. ಬೀದಿಯಲ್ಲಿ ಆಗಲೇ ಐವತ್ತು ಜನ ನಿಂತು ಜೈಕಾರ ಹಾಕುತ್ತಿದ್ದರು. ಹೆಂಡತಿಯ ಕಡೆ ನೋಡಿದೆ, ಅವಳಾದರೂ ಅತ್ತು ತಡೆಯಲಿ ಎಂದು. ಅವಳು ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ.

"ಹೋಗಿ ಬರ್ರಿ. ಹಲ್ಲು ಮಾತ್ರ ಜ್ವಾಕಿ. ಗಟ್ಟಿ ಕಟಗ ರೊಟ್ಟಿ ಭಾಳ ಮಾಡಿಟ್ಟೀನಿ."

ರವಿವಾರ ಮಧ್ಯಾಹ್ನ ಡೇರೆ ತುಂಬಿಹೋಯಿತು. ಗರಡಿಯ ನೇಕಾರರು, ನನ್ನ ಶಾಲೆಯ ಮಾಸ್ತರರು, ಲಕ್ಷ್ಮೇಶ್ವರದ ಬೀಗರು, ಎಲ್ಲರೂ ಬಂದಿದ್ದರು. ತೀರ್ಪಿನಲ್ಲಿ ಮೋಸವಾಯಿತೆಂದು ಯಾರೂ ಅನ್ನಬಾರದು ಎಂದು ಮ್ಯಾನೇಜರ್ ಊರಿನವರೇ ರೆಫರಿ ಆಗಲಿ ಅಂದ. ಊರು ಒಂದೇ ದನಿಯಲ್ಲಿ ಉಸ್ತಾದರ ಹೆಸರು ಹೇಳಿತು. ಮ್ಯಾನೇಜರ್ ಅವರನ್ನು ಮೂಲೆಗೆ ಕರೆದು ಹತ್ತು ನಿಮಿಷ ಕಾಯದೆ ವಿವರಿಸಿದ. ಉಸ್ತಾದರು ಪ್ರತಿ ಮಾತಿಗೂ "ಸಮಝ್ ಗಯಾ" ಅಂದರು. ನಾನು ಅದನ್ನು ನಂಬಿದೆ.

ಮುಂಬಯಿಯವನಿಗೆ ಕಪಾಳದ ಹತ್ತಿರ ಕೂದಲು ನರೆತಿತ್ತು. ಮೂಗು ಎರಡು ಕಡೆ ಮುರಿದು ಕೂಡಿಕೊಂಡದ್ದು. ನನ್ನನ್ನು ನೋಡಿ ನಮಸ್ಕಾರ ಮಾಡಿದ. ಅವನ ಗ್ಲೌಸು ನೋಡಿದೆ. ಸಣ್ಣವು, ತೆಳು. ನಮ್ಮವು ದಿಂಬಾದರೆ ಅವು ಕಾಲುಚೀಲ. 

ಮೊದಲ ರೌಂಡು. ಅವನು ಹೊಡೆಯಲೇ ಇಲ್ಲ. ಮುಂಗೈ ಎದೆಗೆ ಹಿಡಿದು, ಸಂಜೆ ಹೊತ್ತು ತಿರುಗಾಡಲು ಬಂದವನಂತೆ ನಡೆದಾಡುತ್ತಿದ್ದ. ನಾನು ಅಂಜುತ್ತಂಜುತ್ತ ಒಂದು ಮುಟ್ಟಿದೆ. "ಒಂದು!" ಅಂದಿತು ಡೇರೆ. ಇನ್ನೊಂದು ಮುಟ್ಟಿದೆ. "ಎರಡು!" ಎರಡನೇ ರೌಂಡಿಗೆ ಒಂಬತ್ತಾಯಿತು. ಮೂರನೆಯದು ಮುಗಿಯುವಾಗ ಹದಿನಾರು. ಅವನದು ಸೊನ್ನೆ. ಬೀಗರು ಟೊಪ್ಪಿಗೆ ಹಾರಿಸಿದರು. ನನ್ನ ಹೆಡ್‌ಮಾಸ್ತರರು ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು. ಹತ್ತು ವರ್ಷದಿಂದ ನಾನು ಕಾಯುತ್ತಿದ್ದ ದಿನ ಇದೇ ಅನ್ನಿಸಿತು.

ಮೂರನೇ ರೌಂಡಿನ ಗಂಟೆ ಆಯಿತು. ನನ್ನ ದೇಹಕ್ಕೆ ಬಾಕ್ಸಿಂಗ್ ಅಂದರೆ ಮೂರೇ ರೌಂಡು. ಅದು ಅಭ್ಯಾಸದಂತೆ ಅಲ್ಲಿಗೆ ಮುಗಿಸಿಬಿಟ್ಟಿತು. ನಾನು ನಾಲ್ಕೂ ದಿಕ್ಕಿಗೆ ಕೈ ಮುಗಿದೆ, ಮುಂಬಯಿಯವನ ಕೈ ಕುಲುಕಿದೆ, ಹಗ್ಗದೊಳಗೆ ಒಂದು ಕಾಲು ತೂರಿಸಿದೆ.

ಉಸ್ತಾದರು ಹಿಂದಿನಿಂದ ಚಡ್ಡಿಯ ಪಟ್ಟಿ ಹಿಡಿದರು. "ಎಲ್ಲಿಗೆ ಹೊಂಟ್ರಿ ಮಾಸ್ತರ? ಇನ್ನೂ ಮೂರು ಅದಾವ."

ಮುಂಬಯಿಯವನು ಅಂದು ಮೊದಲ ಸಲ ನಕ್ಕ. "ಮಾಸ್ಟರ್‌ಜೀ, ಅಬ್ ಶುರೂ ಕರೇಂ?" ಅಂದ, ಈಗ ಶುರು ಮಾಡೋಣವೇ ಎಂದು.

ನಾಲ್ಕನೇ ರೌಂಡು. ಅವನು ಹಿಮ್ಮಡ ಎತ್ತಿದ್ದು ಕಂಡೆ. ಟೊಂಕ ತಿರುಗಿದ್ದು ಕಂಡೆ. ನಾನು ಪಾಠ ಹೇಳಿಕೊಟ್ಟಂತೆಯೇ ಎಲ್ಲ ಬರೋಬ್ಬರಿ ನಡೆಯಿತು. ಮುಷ್ಟಿ ಬಂದದ್ದು ಒಂದು ಗೇಣು ದೂರದಿಂದ, ಪಕ್ಕೆಲುಬಿನ ಕೆಳಗೆ. ನೋವೇನೂ ಆಗಲಿಲ್ಲ. ನೋವು ಆಮೇಲೆ ಬರುತ್ತೇನೆಂದು ಹೇಳಿ ಕಳಿಸಿದಂತಿತ್ತು. ಉಸಿರು ಮಾತ್ರ ನನ್ನನ್ನು ಬಿಟ್ಟು ಎಲ್ಲೋ ಹೋಯಿತು. ಮೊಣಕಾಲು ಮಡಚಿದವು. ನಿಧಾನಕ್ಕೆ ಮುಂದಕ್ಕೆ ವಾಲಿ, ಬೋರಲು, ಮಣ್ಣಿಗೆ ಮುಖ ಹಚ್ಚಿ ಮಲಗಿದೆ.

ಹೇಳಬೇಕೆಂದರೆ ಹಾಯೆನಿಸಿತು. ಮಣ್ಣು ತಣ್ಣಗಿತ್ತು. ಇನ್ನು ರೆಫರಿ ಹತ್ತರ ತನಕ ಎಣಿಸುತ್ತಾರೆ, ನಾನು ಏಳುವುದಿಲ್ಲ, ಮರ್ಯಾದೆಯಿಂದ ಮನೆಗೆ ಹೋಗುತ್ತೇನೆ. ಕಣ್ಣು ಮುಚ್ಚಿ ಕಾದೆ.

ಎಣಿಕೆ ಬರಲಿಲ್ಲ.

ಒಂದು ಕಣ್ಣು ತೆರೆದೆ. ಉಸ್ತಾದರು ಕುಕ್ಕರುಗಾಲಲ್ಲಿ ಕೂತು, ತಲೆ ಓರೆ ಮಾಡಿ, ನನ್ನ ಬೆನ್ನನ್ನು ಪರೀಕ್ಷೆ ಮಾಡುತ್ತಿದ್ದರು. ಆಮೇಲೆ ಎದ್ದು ಎರಡೂ ಕೈ ಅಡ್ಡ ಆಡಿಸಿದರು.

"ಬೆನ್ನು ಹತ್ತಿಲ್ಲ!"

"ಹತ್ತಿಲ್ಲ! ಹತ್ತಿಲ್ಲ!" ಎಂದು ಇಡೀ ಡೇರೆ ಕೂಗಿತು.

ಎಣಿಸಿರಿ ಎಂದು ಹತ್ತು ಬೆರಳು ತೋರಿಸುತ್ತ ಮ್ಯಾನೇಜರ್ ಓಡಿ ಬಂದ. "ಗಿನೋ! ದಸ್ ತಕ್ ಗಿನೋ!"

"ಏನ್ ಗಿನೋ?" ಅಂದರು ಉಸ್ತಾದರು. "ನಲವತ್ತು ವರ್ಷ ಕುಸ್ತಿ ನೋಡೀನಿ. ಬೆನ್ನಿಗೆ ಮಣ್ಣು ಹತ್ತೋತನಕ ಪೈಲವಾನ ಸೋತಂಗಲ್ಲ. ಆಟ ಚಾಲೂ ಐತಿ!"

ಮುಂಬಯಿಯವನು ಪಾಪ, ಏನು ಮಾಡಬೇಕೆಂದು ತಿಳಿಯದೆ ನನ್ನ ಸುತ್ತ ತಿರುಗುತ್ತಿದ್ದ. ಎದ್ದರೆ ಇನ್ನೊಂದು ಗುದ್ದು ಖಂಡಿತ. ನಾನು ಮಣ್ಣಿನಲ್ಲೇ ತುಟಿ ಆಡಿಸಿದೆ.

"ಉಸ್ತಾದ... ಎಣಸ್ರಿ... ಕೈ ಮುಗೀತೀನಿ, ಎಣಸ್ರಿ..."

ಉಸ್ತಾದರು ಬಗ್ಗಿ ನನ್ನ ತಲೆ ನೇವರಿಸಿದರು. ಕಣ್ಣಲ್ಲಿ ನೀರಿತ್ತು.

"ಹೆದರಬ್ಯಾಡ್ರಿ ಮಾಸ್ತರ. ನಾ ಇರೋತನಕ ನಿಮ್ಮನ್ನ ಸೋಲಾಕ ಬಿಡಂಗಿಲ್ಲ."

ಇನ್ನು ಯಾರೂ ನನ್ನನ್ನು ಉಳಿಸುವವರಿಲ್ಲ ಎಂದು ತಿಳಿಯಿತು. ಇದ್ದಬದ್ದ ಶಕ್ತಿಯನ್ನೆಲ್ಲ ಒಟ್ಟು ಮಾಡಿದೆ. ಮೊಣಕೈ ಊರಿದೆ. ಒಂದು ಮೊಣಕಾಲು ಮಡಚಿದೆ. "ಏಳಾಕ ಹತ್ಯಾನ! ಮಾಸ್ತರ ಏಳಾಕ ಹತ್ಯಾನ!" ಎಂದು ಜನ ಬೆಂಚು ಬಡಿದರು. ಹಲ್ಲು ಕಚ್ಚಿ, ಹಿಮ್ಮಡದಿಂದ ತಾಕತ್ತು ತಂದು, ಟೊಂಕ ತಿರುವಿ ಒಮ್ಮೆಲೇ ಅಂಗಾತ ಹೊರಳಿದೆ. ಎರಡೂ ಭುಜ ಮಣ್ಣಿಗೆ ಒತ್ತಿ ಹಿಡಿದೆ. ಎಲ್ಲಿಯಾದರೂ ಸಂಶಯ ಉಳಿದೀತೆಂದು ಕೈಗಳನ್ನೂ ಅಗಲಕ್ಕೆ ಚಾಚಿದೆ.

ಉಸ್ತಾದರು ನನ್ನ ಒಂದು ಭುಜದ ಕೆಳಗೆ ಬೆರಳು ತೂರಿಸಿ ನೋಡಿದರು, ಇನ್ನೊಂದರ ಕೆಳಗೂ ನೋಡಿದರು. ಹತ್ತಿತ್ತು. ಬಹಳ ಹೊತ್ತು ಸೊಂಟಕ್ಕೆ ಕೈ ಕೊಟ್ಟು ವಿಚಾರ ಮಾಡಿದರು. ಆಮೇಲೆ ಎದೆ ಉಬ್ಬಿಸಿ, ಡೇರೆಯ ಕಂಬ ನಡುಗುವಂತೆ ತೀರ್ಪು ಸಾರಿದರು:

"ಮುಂಬಯಿ ಪೈಲವಾನ ಕೆಡವಿದ್ದು ಬೋರಲ, ಅದು ಲೆಕ್ಕಕ್ಕಿಲ್ಲ. ಮಾಸ್ತರನ್ನ ಚಿತ್ ಮಾಡಿದ್ದು ಖುದ್ದ ಮಾಸ್ತರ, ಅದನ್ನ ನಾವೆಲ್ಲಾರೂ ಕಣ್ಣಾರೆ ನೋಡೇವಿ. ಅದಕ್ಕ, ಸೋತಾಂವನೂ ಗದಗಿನಾಂವ, ಗೆದ್ದಾಂವನೂ ಗದಗಿನಾಂವ!"